ಹಾರೋದಾ, ಮಾಯವಾಗೋದಾ?

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೋ ಒಂದು ಪ್ರಶ್ನೆ ಎತ್ತಿದರು. ದೇವರು ಪ್ರತ್ಯಕ್ಷನಾಗಿ, ಹಾರೋ ಶಕ್ತಿ ಬೇಕೋ, ಯಾರಿಗೂ ಕಾಣದ ಹಾಗಿರೋ ಶಕ್ತಿ ಬೇಕೋ, ಒಂದೇ ಒಂದು ಕೇಳು ಅಂದ್ರೆ? ಡಬ್ಬಿ ಖಾಲಿಯಾಗುವಷ್ಟರಲ್ಲಿ ಎರಡು ಪಕ್ಷ ಆಗಿಹೋಗಿತ್ತು. ಹಾರುತ್ತೇನೆ ಅಂದವರು ಹಾರಿ ಎಲ್ಲಿಗೆ ಹೋಗ್ತಾರಂತೆ ಗೊತ್ತಾ? ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿ ಆಫೀಸಿಗೆ! ರೆಕ್ಕೆ ಕೊಟ್ಟರೂ ಒಂಬತ್ತೂವರೆಗೆ ಕಾರ್ಡ್ ಉಜ್ಜೋ ಜನ ನಾವು :)

ಮಾಯವಾಗುತ್ತೇನೆ ಅಂದವರು ಮಾತ್ರ ಯಾಕೆ ಅಂತ ಹೇಳಲಿಲ್ಲ. ಸುಮ್ಮನೆ ನಕ್ಕರು.

ಕಾಣದವರ ಮೇಲಿನ ಈ ಅನುಮಾನ ತುಂಬಾ ಹಳೆಯದು. ಪ್ಲೇಟೋನ 'ರಿಪಬ್ಲಿಕ್'ನಲ್ಲಿ ಒಬ್ಬ ಕುರಿ ಕಾಯುವವನಿಗೆ ಉಂಗುರ ಸಿಗುತ್ತದೆ. ಅದರ ಹರಳನ್ನು ಒಳಗಡೆಗೆ ತಿರುಗಿಸಿದರೆ ಆಸಾಮಿ ಮಾಯ. ಅರಮನೆಗೆ ಹೋಗಿ, ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು ತಾನೇ ಪಟ್ಟಕ್ಕೇರುತ್ತಾನೆ. ಎಚ್.ಜಿ. ವೆಲ್ಸ್‌ನ ಕಾದಂಬರಿಯ (1897) ಅದೃಶ್ಯ ಮನುಷ್ಯನ ಪಾಡಂತೂ ಇನ್ನೂ ಕಷ್ಟ. ಬಟ್ಟೆ ಹಾಕಿದರೆ ಬಟ್ಟೆ ಕಾಣುತ್ತೆ, ಉಂಡರೆ ಅರಗುವವರೆಗೆ ಊಟ ಕಾಣುತ್ತೆ! ಚಳಿಯಲ್ಲಿ ಬೆತ್ತಲೆ ಅಲೆಯಬೇಕು. 1987ರ 'ಮಿಸ್ಟರ್ ಇಂಡಿಯಾ'ದ ಅನಿಲ್ ಕಪೂರ್ ಒಬ್ಬನೇ ಸ್ವಲ್ಪ ಒಳ್ಳೆಯವನು ಅನ್ನಿ.

ಆದರೆ ನನಗನಿಸೋದು, ಮಾಯವಾಗಬೇಕು ಅನ್ನೋರಲ್ಲಿ ಕಳ್ಳರು ಕಡಿಮೆ. ನಾವಿಲ್ಲದಾಗ ನಮ್ಮ ಬಗ್ಗೆ ಏನು ಮಾತಾಡ್ತಾರೆ ಅನ್ನೋ ಕುತೂಹಲದವರೇ ಜಾಸ್ತಿ. ನಾನೂ ಅದೇ ಜಾತಿ. ಚಿಕ್ಕಂದಿನಲ್ಲಿ ಕಣ್ಮುಚ್ಚಿ ಅದನ್ನೇ ಬೇಡಿಕೊಳ್ತಿದ್ದೆ. ಅಪ್ಪ ಎದುರಿಗೆ ಯಾವತ್ತೂ ಭೇಷ್ ಅಂದವನಲ್ಲ. ಹಿಂದಾದರೂ ಅಂತಾನಾ ಅಂತ ತಿಳಿಯೋ ಆಸೆ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆ ವರ ಸಿಕ್ಕೇಬಿಟ್ಟಿತು. ಅಟ್ಟದ ಮೇಲೆ, ಹಣ್ಣಿಗಿಟ್ಟ ಬಾಳೆಗೊನೆಯ ಪಕ್ಕ, ಹಳೇ 'ಮಯೂರ' ಓದ್ತಾ ಬಿದ್ದಿದ್ದೆ. ಕೆಳಗೆ ಜಗಲಿಯಲ್ಲಿ ಅಪ್ಪ ಮತ್ತೆ ಪಕ್ಕದ ತೋಟದವರು. ನಾನು ಮೇಲಿರೋದು ಇಬ್ಬರಿಗೂ ಗೊತ್ತಿಲ್ಲ.

"ಹುಡುಗ ಬುದ್ಧಿವಂತ. ನನ್ನ ಹಾಗೆ ಆಗೋದು ಬೇಡ" ಅಂದ ಅಪ್ಪ. ಖುಷಿಯಿಂದ ಉಸಿರು ಬಿಗಿಹಿಡಿದೆ. ಆಮೇಲೆ ಹಾಸ್ಟೆಲ್ ಫೀಸಿಗೆ ಸಾಲ ಕೇಳಿದ. ಅಡಿಕೆ ಕೊಯ್ಲಾದ ಕೂಡಲೇ ತೀರಿಸ್ತೀನಿ ಅಂದ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಅಪ್ಪ ಮತ್ತೊಮ್ಮೆ ಕೇಳಿದ. ಊರಿಗೆಲ್ಲ ಗದರುವ ನನ್ನಪ್ಪನಿಗೆ ಅಂಥದೊಂದು ದನಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

"ಮತ್ತೆ... ಅವನಿಗೆ ಗೊತ್ತಾಗೋದು ಬೇಡ ಮಾರಾಯ್ರೆ."

ಅವರು ಹೋಗಿ, ಅಪ್ಪ ತೋಟಕ್ಕಿಳಿದು, ಕತ್ತಲಾಗುವವರೆಗೂ ನಾನು ಅಟ್ಟ ಇಳಿಯಲಿಲ್ಲ. ಬಾಳೆಹಣ್ಣೂ ಸೇರಲಿಲ್ಲ.

ಹಾಸ್ಟೆಲ್ಲಿಗೆ ಹೊರಟ ದಿನ ಅಪ್ಪ ದುಡ್ಡು ಎಣಿಸಿ ಕೊಟ್ಟು, ಎಂದಿನ ಹಾಗೆ "ಪೈಸೆ ಪೈಸೆಗೂ ಲೆಕ್ಕ ಬರೆದಿಡು" ಅಂತ ಗದರಿದ. ಹೂಂ ಅಂದೆ. ಆ ಮಧ್ಯಾಹ್ನದ ವಿಷಯ ಇವತ್ತಿಗೂ ಅವನಿಗೆ ಹೇಳಿಲ್ಲ.

ಮೊನ್ನೆ ನನ್ನ ಸರದಿ ಬಂದಾಗ ಹಾರೋದು ಅಂದೆ. ಎಲ್ಲಿಗೆ ಅಂದ್ರು. ಸಿಲ್ಕ್ ಬೋರ್ಡ್ ದಾಟಿದ್ರೆ ಸಾಕಪ್ಪಾ ಅಂದೆ. ಎಲ್ಲರೂ ನಕ್ಕರು.