ಕೊಕ್ಕೊಗೆ ಗಿರಾಕಿ ಇಲ್ಲದ ವರ್ಷ

ಅಡಿಕೆಯಾದರೆ ಕಾಯುತ್ತದೆ. ಸುಲಿದು ಗೋಣಿ ತುಂಬಿಸಿ ಅಟ್ಟಕ್ಕೇರಿಸಿದರೆ ದರ ಬರುವವರೆಗೆ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ನಮ್ಮ ಪುತ್ತೂರು, ಸುಳ್ಯ ಕಡೆಯ ಕೃಷಿಕರ ಧೈರ್ಯವೆಲ್ಲ ಇರುವುದು ಆ ಅಟ್ಟದಲ್ಲಿ. ಕೊಕ್ಕೊ ಹಾಗಲ್ಲ. ಕಾಯಿ ಹಳದಿಯಾಯಿತೆಂದರೆ ಕೊಯ್ಯಲೇಬೇಕು. ಇಲ್ಲದಿದ್ದರೆ ನಮಗಿಂತ ಮೊದಲು ಅಳಿಲು, ಇಲಿ, ಮಂಗ ಬಂದಾಗಿರುತ್ತದೆ. ಒಡೆಯುವುದಕ್ಕೂ ಕ್ರಮವುಂಟು. ಕತ್ತಿ ಹಾಕಿದರೆ ಬೀಜಕ್ಕೆ ಗಾಯವಾಗುತ್ತದೆ, ಹಾಗಾಗಿ ಕಲ್ಲಿಗೋ ಮರದ ತುಂಡಿಗೋ ಬಡಿದು ಒಡೆಯಬೇಕು. ಒಳಗೆ ಬಿಳಿ ಲೋಳೆ ಮೆತ್ತಿಕೊಂಡ ಹಸಿ ಬೀಜ. ಅದು ತಡವಾಗದೆ ಕೊಳ್ಳುವವರ ಕೈ ಸೇರಬೇಕು. ಸೇರದಿದ್ದರೆ ಹುಳಿ ನೀರು ಬಿಟ್ಟು, ನೊಣ ಮುತ್ತಿ, ಅಂಗಳದಲ್ಲಿ ನಿಲ್ಲಲಿಕ್ಕಾಗುವುದಿಲ್ಲ.

ಈ ಮಳೆಗಾಲದಲ್ಲಿ ಬಚ್ಚಲ ಒಲೆಗೆ ಹಲಸಿನ ಬೀಜ ಹಾಕಿ ಸುಡುತ್ತಾ ಕೂತಿದ್ದಾಗ ಬೆಂಗಳೂರಿನಿಂದ ಬಂದ ಅಕ್ಕನ ಮಗ ಒಂದು ಮಾತು ಹೇಳಿದ. "ಮಾವ, ಯಾರೂ ಮಾಡದ್ದನ್ನು ಮಾಡಿದವನೇ ಬಿಸಿನೆಸ್ಸಿನಲ್ಲಿ ಗೆಲ್ಲೋದು. ಇದ್ದದ್ದನ್ನೇ ಸ್ವಲ್ಪ ಚಂದ ಮಾಡಿ ಕೊಡುವವರು ಹಿಂದೆ ಉಳೀತಾರೆ." ಅವನ ಕೆಲಸವೇ ಅಂಥದ್ದು, ಹೊಸ ಕಂಪನಿಗಳ ನಡುವೆ ಇರುವವನು. ಅವನಿಗೆ ನಾನು ಹೇಳಿದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯ ಜಗಲಿಯಲ್ಲಿ ಇದೇ ಪ್ರಶ್ನೆ ನನ್ನ ಅಪ್ಪನಿಗೂ ಸೋದರಮಾವನಿಗೂ ನಡುವೆ ತಿಂಗಳುಗಟ್ಟಲೆ ನಡೆದಿತ್ತು. ಆಗ ನಾನು ಹೈಸ್ಕೂಲಿಗೆ ಇನ್ನೂ ಹೋಗದ ಹುಡುಗ.

ಹಿನ್ನೆಲೆ ಇಷ್ಟು. ಎಪ್ಪತ್ತರ ದಶಕದ ಶುರುವಿನಲ್ಲಿ ಅಡಿಕೆ ದರ ನೆಲಕಚ್ಚಿತು. ಬೆಳೆದವನಿಗೆ ದರ ಹೇಳುವ ಬಾಯಿ ಇರಲಿಲ್ಲ, ವರ್ತಕ ಹೇಳಿದ್ದೇ ದರ. ಆ ಕಷ್ಟದಿಂದಲೇ 1973ರ ಜುಲೈಯಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ, ಮಂಗಳೂರಿನಲ್ಲಿ ಕಚೇರಿ. ಅದೇ ಕಾಲಕ್ಕೆ ಅಡಿಕೆಯ ನೆರಳಲ್ಲಿ ಇನ್ನೊಂದು ಬೆಳೆ ಇರಲಿ ಎಂಬ ಸಲಹೆಯೂ ಬಂತು. ಕೊಕ್ಕೊಗೆ ನೆರಳು ಬೇಕು, ಅಡಿಕೆ ತೋಟದಲ್ಲಿ ನೆರಳಿಗೆ ಕೊರತೆಯಿಲ್ಲ. ಗಿಡ ಕೊಟ್ಟರು, ನೆಟ್ಟೆವು. ಚಾಕಲೇಟು ಮಾಡುವ ಕಂಪನಿಯವರು ಹಸಿ ಬೀಜ ಕೊಳ್ಳುತ್ತಿದ್ದರು. 1977ರಲ್ಲಿ ಲೋಕದ ಮಾರುಕಟ್ಟೆಯಲ್ಲಿ ಕೊಕ್ಕೊ ದರ ಎಂದೂ ಇಲ್ಲದಷ್ಟು ಏರಿದಾಗ ನಮ್ಮ ಕಡೆ ಅಡಿಕೆಯ ಜಾಗಕ್ಕೇ ಕೊಕ್ಕೊ ಹಾಕೋಣವಾ ಎನ್ನುವವರೂ ಇದ್ದರು.

ಆಮೇಲೆ ದರ ಇಳಿಯಿತು. ಇಳಿಯುತ್ತಾ ಹೋಗಿ 1980ರ ಸುಮಾರಿಗೆ ಕೊಳ್ಳುವುದೇ ನಿಂತಿತು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಅಮ್ಮ, ನಾನು, ಕೆಲಸದ ಹೆಂಗಸರು ಕೂತು ಕಾಯಿ ಒಡೆದಿದ್ದೆವು. ಲೋಳೆ ಹುಳಿ-ಸಿಹಿ, ನಾವು ಮಕ್ಕಳು ಅದನ್ನು ಚೀಪಿ ಬೀಜವನ್ನು ಬುಟ್ಟಿಗೆ ಉಗುಳಿದರೆ ಅಮ್ಮ ಬೈಯುತ್ತಿದ್ದಳು. ಬುಟ್ಟಿ ಹೊತ್ತುಕೊಂಡು ಅಪ್ಪನ ಹಿಂದೆ ಖರೀದಿಯ ಜಾಗಕ್ಕೆ ಹೋದರೆ ಅಲ್ಲಿ ತಕ್ಕಡಿ ಇಲ್ಲ, ಬಾಗಿಲಿಗೆ ಬೀಗ. ನಮ್ಮ ಹಾಗೇ ಬುಟ್ಟಿ ಹೊತ್ತು ಬಂದವರು ಮಾರ್ಗದ ಬದಿಯಲ್ಲಿ ಸಾಲಾಗಿ ನಿಂತಿದ್ದಾರೆ. ನಾಳೆ ಬರಬಹುದು ಎಂದು ಒಬ್ಬರು, ಇನ್ನು ಬರುವುದಿಲ್ಲವಂತೆ ಎಂದು ಇನ್ನೊಬ್ಬರು. ಮಧ್ಯಾಹ್ನದವರೆಗೆ ನಿಂತು, ಮನೆಗೆ ತಂದು, ತೋಟದ ಮೂಲೆಯಲ್ಲಿ ಗುಂಡಿ ತೋಡಿ ಹಾಕಿದೆವು. ಅಪ್ಪ ಮಾತಾಡಲಿಲ್ಲ. ಮುಂದಿನ ವಾರಗಳಲ್ಲಿ ಎಷ್ಟೋ ತೋಟಗಳಲ್ಲಿ ಕೊಕ್ಕೊ ಮರಕ್ಕೆ ಕೊಡಲಿ ಬಿತ್ತು.

ಆ ಮಳೆಗಾಲದ ಸಂಜೆಗಳಲ್ಲೇ ಜಗಲಿಯ ವಾದ ಬೆಳೆದದ್ದು. ಬೆಳೆಗಾರರ ಕೂಗಿಗೆ ಓಗೊಟ್ಟು ಕ್ಯಾಂಪ್ಕೊ ಕೊಕ್ಕೊ ಖರೀದಿಗೆ ಇಳಿದಿತ್ತು. ಆದರೆ ಕೊಂಡದ್ದನ್ನು ಏನು ಮಾಡುವುದು? ನಾವೇ ಚಾಕಲೇಟು ಕಾರ್ಖಾನೆ ಹಾಕಬೇಕು ಎಂಬ ಮಾತು ಎದ್ದಿತ್ತು. ಮಾವ ಅದರ ಪರ. ಅಪ್ಪನಿಗೆ ಅದು ಸುತಾರಾಂ ಒಪ್ಪಿಗೆಯಿಲ್ಲ.

"ಭಾವ, ನಮಗೆ ಗೊತ್ತಿರುವುದು ಅಡಿಕೆ," ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಹೇಳುತ್ತಿದ್ದರು. "ಸಂಘ ಶುರುವಾಗಿ ಏಳೆಂಟು ವರ್ಷ ಆಯ್ತಷ್ಟೆ. ಚಾಕಲೇಟು ಅಂದ್ರೆ ಸೆಕೆಗೆ ಕರಗುವ ವಸ್ತು. ಅಂಗಡಿಯವನ ಹತ್ರ ಫ್ರಿಜ್ಜು ಬೇಕು, ಪೇಪರಿನಲ್ಲಿ ಜಾಹೀರಾತು ಬೇಕು. ಅದೆಲ್ಲ ನಮ್ಮಿಂದ ಆಗ್ತದಾ? ಅದರ ಬದಲು ಬೀಜವನ್ನೇ ಒಳ್ಳೆದು ಮಾಡುವ. ನಾವು ಸರಿಯಾಗಿ ಹುದುಗಿಸಿ ಒಣಗಿಸಿ ಕೊಟ್ಟರೆ ಯಾರೂ ಬೇಡ ಅನ್ಲಿಕ್ಕಿಲ್ಲ."

ಅಪ್ಪ ಬರೀ ಮಾತಾಡುವವರಾಗಿರಲಿಲ್ಲ. ಮರದ ಪೆಟ್ಟಿಗೆಗೆ ತೂತು ಕೊರೆದು, ಬಾಳೆಲೆ ಹಾಸಿ, ಹಸಿ ಬೀಜ ತುಂಬಿಸಿ ಗೋಣಿ ಮುಚ್ಚಿಟ್ಟಿದ್ದರು. ಎರಡನೇ ದಿನ ಕೈ ಹಾಕಿದರೆ ಒಳಗೆ ಬಿಸಿ. ಇಡ್ಲಿ ಹಿಟ್ಟು ಉಕ್ಕುವ ಹಾಗೆ ಅದಕ್ಕೂ ಒಂದು ಜೀವ ಬರುತ್ತದೆ. ಕೋಣೆಯಿಡೀ ಹುಳಿ ವಾಸನೆ. ದಿನ ಬಿಟ್ಟು ದಿನ ಮಗುಚಬೇಕು, ಆರು ದಿನ ಆಗಬೇಕು. ಆಮೇಲೆ ಬಿಸಿಲು. ಮಳೆಗಾಲವಾದ್ದರಿಂದ ಬಿಸಿಲೆಲ್ಲಿ, ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರು. ಅಲ್ಲಿ ಹೊಗೆ ಹಿಡಿಯಿತು. ಹೊಗೆ ಹಿಡಿದ ಬೀಜ ಚಾಕಲೇಟಿಗೆ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಬಿಸಿಗಾಳಿಗೆ ಬೇರೆ ಗೂಡು ಕಟ್ಟಿಸಿದರು. ಬೀಜವನ್ನು ಉದ್ದಕ್ಕೆ ಸೀಳಿ ಒಳಗಿನ ಬಣ್ಣ ನೋಡುತ್ತಿದ್ದರು. ಹುದುಗದ್ದಾದರೆ ಸ್ಲೇಟಿನ ಬಣ್ಣ, ಅರ್ಧ ಆದದ್ದು ನೇರಳೆ, ಸರಿಯಾದದ್ದು ಕಂದು. ಪ್ರತಿಸಲವೂ ಕಂದು ಬೀಜಗಳ ಲೆಕ್ಕ ಸ್ವಲ್ಪ ಸ್ವಲ್ಪ ಏರುತ್ತಿತ್ತು. ಇಷ್ಟು ಶ್ರದ್ಧೆಯ ಕೆಲಸವನ್ನು ನಾನು ಆಮೇಲೆ ಎಲ್ಲಿಯೂ ಹೆಚ್ಚು ಕಂಡಿಲ್ಲ.

ಮಾವ ಆ ಬೀಜವನ್ನು ಅಂಗೈಯಲ್ಲಿ ಹಿಡಿದು ನೋಡಿ, ಚೆನ್ನಾಗಿದೆ ಎಂದೇ ಹೇಳಿದರು. ಆಮೇಲೆ ಹೇಳಿದ್ದು: "ನೀವು ಎಷ್ಟು ಬೇಕಾದ್ರೂ ಚಂದ ಮಾಡಿ ಭಾವ. ಚಂದ ಉಂಟು ಅಂತ ಹೇಳ್ಲಿಕ್ಕೆ ಆಚೆ ಬದಿಯಲ್ಲಿ ಒಬ್ಬ ಬೇಡವಾ? ದೇಶದಲ್ಲಿ ಕೊಕ್ಕೊ ಬೀಜ ಕೊಳ್ಳುವವರು ಬೆರಳಲ್ಲಿ ಎಣಿಸುವಷ್ಟು. ಅವರು ಬಾಗಿಲು ಹಾಕಿದ್ರೆ ಒಳ್ಳೆ ಬೀಜವೂ ಗುಂಡಿಗೆ, ಕೆಟ್ಟ ಬೀಜವೂ ಗುಂಡಿಗೆ."

ಅಪ್ಪನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇವತ್ತಿಗೂ ಈ ವಿಷಯದ ಮೇಲೆ ನಾನು ಓದಿದ, ಕೇಳಿದ ಮಾತುಗಳಲ್ಲಿ ಇಷ್ಟು ನೇರವಾದದ್ದು ಇನ್ನೊಂದಿಲ್ಲ. ಇದ್ದದ್ದನ್ನು ಸುಧಾರಿಸುವವನು ಕೊಳ್ಳುವವನೊಬ್ಬ ಇದ್ದಾನೆ ಎಂದು ನಂಬಿಕೊಂಡೇ ಸುಧಾರಿಸುತ್ತಾನೆ. ಆ ನಂಬಿಕೆ ಕುಸಿದಲ್ಲಿ ಅವನ ಶ್ರಮ ಎಷ್ಟೇ ದೊಡ್ಡದಿದ್ದರೂ ಹೋಗಿ ಸೇರುವ ಜಾಗವಿಲ್ಲ. ಆಗ ಯಾರಾದರೂ ಹಾರಲೇಬೇಕು.

ಹಾರಿದರು. 1986ರ ಸೆಪ್ಟೆಂಬರ್ 1ರಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೊ ಚಾಕಲೇಟು ಕಾರ್ಖಾನೆಯ ಉದ್ಘಾಟನೆ. ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಬಂದಿದ್ದರು. ಪುತ್ತೂರಿನಂಥ ಪೇಟೆಗೆ ರಾಷ್ಟ್ರಪತಿ! ಊರಿಗೆ ಊರೇ ಹೋಗಿತ್ತು, ಕಾಲೇಜಿನ ಹುಡುಗರಾದ ನಾವೂ ಹೋಗಿದ್ದೆವು. ನನ್ನ ನೆನಪಿನಲ್ಲಿ ಉಳಿದದ್ದು ವೇದಿಕೆಗಿಂತ ಹೆಚ್ಚಾಗಿ ಮಾವನ ಮುಖ. ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಹತ್ತಿರ ನಿಂತವರಿಗೆಲ್ಲ "ನಮ್ಮದು, ನಮ್ಮದು" ಎಂದು ಹೇಳುತ್ತಾ ತಿರುಗುತ್ತಿದ್ದರು. ಅಪ್ಪನೂ ಬಂದಿದ್ದರು, ಹಿಂದಿನ ಸಾಲಿನಲ್ಲಿ.

ಆ ಕಾರ್ಖಾನೆಯೊಳಗೆ ಹೊಸತು ಯಾವುದಿತ್ತು ಎಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಕೊಕ್ಕೊದಿಂದ ಕೊಬ್ಬು ಹಿಂಡಿ ತೆಗೆಯುವುದು ಹಾಲೆಂಡಿನ ವಾನ್ ಹೌಟನ್ ಕಾಲದ್ದು, 1828ರದ್ದು. ಹಾಲು ಬೆರೆಸಿದ ಚಾಕಲೇಟು ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ 1875ರ ಸುಮಾರಿಗೆ ಮಾಡಿದ್ದು. ಗಂಟೆಗಟ್ಟಲೆ ತಿರುವಿ ನುಣುಪು ಮಾಡುವ ಕಾಂಚಿಂಗ್ 1879ರಲ್ಲಿ ರುಡಾಲ್ಫ್ ಲಿಂಟ್ ಕಂಡುಕೊಂಡದ್ದು. ಕೆಮ್ಮಿಂಜೆಯ ಯಂತ್ರಗಳೆಲ್ಲ ನೂರು ವರ್ಷ ಹಳೆಯ ವಿದ್ಯೆಯ ಹೊಸ ರೂಪಗಳು. ಆದರೂ ಅದು ನಮ್ಮ ಜಿಲ್ಲೆ ಕಂಡ ಅತ್ಯಂತ ಧೈರ್ಯದ ಕೆಲಸ ಎಂದೇ ನಾನು ಹೇಳುತ್ತೇನೆ. ಕೊಕ್ಕೊ ಬೆಳೆಯುವ ದೇಶಗಳಲ್ಲಿ ಬೆಳೆದವರು ಬೀಜ ಮಾರಿ ಮನೆಗೆ ಹೋಗುವುದೇ ರೂಢಿ; ಘಾನಾ, ಐವರಿ ಕೋಸ್ಟ್‌ಗಳ ಹೆಚ್ಚಿನ ಬೀಜ ಹಡಗು ಹತ್ತಿ ಯುರೋಪಿನಂಥ ಕಡೆ ಹೋದ ಮೇಲೆಯೇ ಚಾಕಲೇಟಾಗುವುದು. ಇಲ್ಲಿ ತಕ್ಕಡಿಯ ಈಚೆ ನಿಂತಿದ್ದವರೇ ಆಚೆಗೂ ಹೋಗಿ ಕೂತರು.

ಅಪ್ಪನ ಹೆದರಿಕೆ ಸುಳ್ಳಾಗಲಿಲ್ಲ. ಚಾಕಲೇಟು ಮಾಡುವುದಕ್ಕಿಂತ ಮಾರುವುದು ಕಷ್ಟವಾಯಿತು. ಮಂಗಳೂರಿನ ಸೆಕೆಗೆ ಬಾರು ಕಾಗದದೊಳಗೇ ಮೆತ್ತಗಾಗುತ್ತಿತ್ತು. ದೊಡ್ಡ ಹೆಸರುಗಳ ಪಕ್ಕದಲ್ಲಿ ಅಂಗಡಿಯವನು ನಮ್ಮದನ್ನು ಇಡಬೇಕಲ್ಲ. ತೊಂಬತ್ತರ ದಶಕದಲ್ಲಿ ಕಾರ್ಖಾನೆ ನೆಸ್ಲೆಗಾಗಿ ಚಾಕಲೇಟು ಮಾಡಿಕೊಡುವ ಒಪ್ಪಂದಕ್ಕೆ ಬಂತು. ಕೆಲವರು ಆಗ ಬೇಸರಪಟ್ಟರು, ನಮ್ಮ ಕಾರ್ಖಾನೆಯಲ್ಲಿ ಇನ್ನೊಬ್ಬರ ಹೆಸರಾ ಎಂದು. ನನಗೆ ಹಾಗನಿಸುವುದಿಲ್ಲ. ಯಂತ್ರ ನಿಲ್ಲದೆ ಓಡಿತು, ಕೈಗಳು ಕಲಿತವು. ಕೊಕ್ಕೊ ಬೆಣ್ಣೆ, ಕೊಕ್ಕೊ ಪುಡಿ ಬೇರೆ ತಯಾರಕರಿಗೂ ಹೋಯಿತು. ಕ್ಯಾಂಪ್ಕೊ ಬಾರ್, ಮೆಲ್ಟೊ ಎಲ್ಲ ನಮ್ಮ ಊರಿನ ಅಂಗಡಿಗಳ ಗಾಜಿನ ಭರಣಿ ಸೇರಿದವು. ಮತ್ತು ಒಳ್ಳೆಯ ಬೀಜವಿಲ್ಲದೆ ಒಳ್ಳೆಯ ಚಾಕಲೇಟು ಆಗುವುದಿಲ್ಲ ಎಂಬುದು ಮೊದಲ ವರ್ಷಗಳಲ್ಲೇ ಎಲ್ಲರಿಗೂ ಅರಿವಾಯಿತು. ಚಾಕಲೇಟಿನ ಪರಿಮಳದ ಮೂಲ ಹುಟ್ಟುವುದು ಆ ಆರು ದಿನಗಳ ಹುದುಗಿನಲ್ಲಿ. ಹುರಿಯುವಾಗ ಅದು ಪರಿಮಳವಾಗುತ್ತದೆ. ಅಪ್ಪ ಪೆಟ್ಟಿಗೆಯಲ್ಲಿ ಮಾಡುತ್ತಿದ್ದುದನ್ನೇ ಕಾರ್ಖಾನೆಗೂ ಯಾರಾದರೂ ಅಷ್ಟೇ ಜಾಗ್ರತೆಯಿಂದ ಮಾಡಬೇಕಿತ್ತು. ಮಾವನ ಧೈರ್ಯ ಕಟ್ಟಡ ಎಬ್ಬಿಸಿತು, ಅದರೊಳಗೆ ರುಚಿ ಹುಟ್ಟಿದ್ದು ಅಪ್ಪನಂಥವರ ಕೆಲಸದಿಂದ.

ಅಕ್ಕನ ಮಗ ಇಲ್ಲಿ ನಡುವೆ ಬಾಯಿ ಹಾಕಿದ. "ಹಾಗಾದ್ರೆ ಯಾವಾಗಲೂ ಹಾರಬೇಕು ಅಂತಲೇ ಆಯ್ತಲ್ಲ ಮಾವ?"

ಅದಕ್ಕೆ ಅವನಿಗೆ ದೋಟಿಯ ವಿಷಯ ಹೇಳಿದೆ. ಅಡಿಕೆ ಮರ ಹತ್ತುವ ಕೊನೆಗಾರರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಜೀವ ಕಳೆದುಕೊಂಡವರು ನಮ್ಮ ಊರುಗಳಲ್ಲಿ ಇದ್ದಾರೆ. ಅವರ ಮಕ್ಕಳು ಮರ ಹತ್ತುವುದಿಲ್ಲ ಎಂದರೆ ಅದು ಸರಿಯೇ. ಇದಕ್ಕೆ ಎಷ್ಟೋ ಜನ ಎಷ್ಟೋ ಯಂತ್ರ ಮಾಡಿದರು. 2019ರಲ್ಲಿ ಬಂಟ್ವಾಳದ ಕೃಷಿಕರೊಬ್ಬರು ಪೆಟ್ರೋಲಿನಲ್ಲಿ ಓಡುವ, ಕೂತುಕೊಂಡೇ ಮರ ಹತ್ತುವ ಬೈಕು ಮಾಡಿದ್ದನ್ನು ದೇಶವೇ ಬೆರಗಿನಿಂದ ನೋಡಿತು. ನಿಜವಾಗಿ ಮೆಚ್ಚಬೇಕಾದ ಬುದ್ಧಿ. ಆದರೆ ಈಗ ನಮ್ಮ ಸುತ್ತಿನ ತೋಟಗಳಿಗೆ ಹೋದರೆ ಹೆಚ್ಚು ಕಾಣುವುದು ಕಾರ್ಬನ್ ಫೈಬರಿನ ದೋಟಿ. ಮಾವಿನಕಾಯಿ ಕೊಯ್ಯಲು ನಮ್ಮ ಅಜ್ಜಂದಿರು ಹಿಡಿದದ್ದೂ ದೋಟಿಯೇ. ಬಿದಿರು ಹೋಗಿ ಅಲ್ಯೂಮಿನಿಯಂ ಬಂತು, ಅದು ಉದ್ದವಾದಷ್ಟೂ ಭಾರವಾಗಿ ಬಾಗುತ್ತಿತ್ತು. ಈ ಹೊಸ ಕೋಲು ಹಗುರ, ಮರದ ತುದಿಯವರೆಗೆ ನೆಟ್ಟಗೆ ನಿಲ್ಲುತ್ತದೆ. ನೆಲದಲ್ಲಿ ನಿಂತೇ ಕೊನೆ ಕೊಯ್ಯಬಹುದು, ಬೋರ್ಡೋ ದ್ರಾವಣ ಸಿಂಪಡಿಸಬಹುದು. ಇಲ್ಲಿ ಬೇಡಿಕೆ ಇತ್ತು, ಕೈಗೆ ಅಭ್ಯಾಸವಿತ್ತು, ಕೋಲಿನ ತೂಕವೊಂದೇ ತೊಡಕಾಗಿದ್ದದ್ದು. ಆ ಒಂದು ತೊಡಕನ್ನು ಬಿಡಿಸಿದವರು ಗೆದ್ದರು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಜ್ಜನ ಪೆಟ್ಟಿಗೆಗಳು ಏನಾದವು ಎಂದು ಕೇಳಿದ. ಅವು ಗೆದ್ದಲು ಹಿಡಿದು ಹೋದವು. ಕ್ಯಾಂಪ್ಕೊ ಹಸಿ ಬೀಜವನ್ನೇ ಕೊಳ್ಳುವಾಗ ಮನೆಯಲ್ಲಿ ಹುದುಗಿಸುವ ಕಷ್ಟ ಯಾರಿಗೂ ಬೇಡವಾಯಿತು. ಅಪ್ಪನ ವಿದ್ಯೆಗೆ ಅವರು ಬದುಕಿರುವಾಗ ಹೊರಗಿನ ಗಿರಾಕಿ ಸಿಗಲೇ ಇಲ್ಲ. ಆ ಸಂಕಟ ನನಗೆ ಈಗಲೂ ಇದೆ.

ಈಗ ಗಿರಾಕಿ ಇದ್ದಾರೆ. ಮೈಸೂರಿನಲ್ಲಿ, ಪುದುಚೇರಿಯಲ್ಲಿ ಬೀಜದಿಂದ ಬಾರಿನವರೆಗೆ ತಾವೇ ಮಾಡುವ ಸಣ್ಣ ಚಾಕಲೇಟು ತಯಾರಕರು ಹತ್ತು ಹನ್ನೆರಡು ವರ್ಷದಿಂದ ಎದ್ದಿದ್ದಾರೆ. ಯಾವ ತೋಟದ್ದು, ಎಷ್ಟು ದಿನ ಹುದುಗಿಸಿದ್ದು ಎಂದು ಕೇಳಿ ಕೊಳ್ಳುವವರು ಅವರು. ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು 2024ರಲ್ಲಿ ಕೊಕ್ಕೊ ದರ ನ್ಯೂಯಾರ್ಕಿನಲ್ಲಿ ಟನ್ನಿಗೆ 10,000 ಡಾಲರ್ ದಾಟಿದಾಗ, ಅಂದು ಮರ ಕಡಿದ ಮನೆಗಳವರೂ ಗಿಡ ಹುಡುಕಿಕೊಂಡು ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರದ (ಸಿಪಿಸಿಆರ್‌ಐ) ಕಡೆ ಹೊರಟರು. ನನ್ನ ತಮ್ಮನೂ ತಂದು ನೆಟ್ಟಿದ್ದಾನೆ. ದರ ಅಷ್ಟೆತ್ತರದಲ್ಲೇ ನಿಲ್ಲುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, 1977ರ ಏರಿಕೆಯನ್ನೂ ಆಮೇಲಿನ ಗುಂಡಿಯನ್ನೂ ಕಂಡವನಲ್ಲವೇ. ಆದ್ದರಿಂದ ಅರ್ಧ ಬೆಳೆ ಹಸಿಯಾಗಿ ಕ್ಯಾಂಪ್ಕೊಗೆ, ಇನ್ನರ್ಧ ಮನೆಯಲ್ಲೇ ಹುದುಗಿಸಿ ಮೈಸೂರಿಗೆ ಎಂದು ಲೆಕ್ಕ ಹಾಕಿದ್ದಾನೆ. ಪೆಟ್ಟಿಗೆಗೆ ಹಲಸಿನ ಹಲಗೆ ಕೊಯ್ಸಿ ತಂದಾಗಿದೆ. ತೂತು ಎಷ್ಟು ಅಂತರದಲ್ಲಿ ಕೊರೆಯಬೇಕು ಎಂದು ನನ್ನನ್ನು ಕೇಳಿದ. ನನಗಿಂತ ಅಮ್ಮನಿಗೆ ಚೆನ್ನಾಗಿ ನೆನಪಿತ್ತು, ಒಂದು ಗೇಣಿಗೆ ಮೂರು ಎಂದಳು.