ವಿ.ಯು.3 ಸಾಕೆ, ವಿ.ಯು.2 ಬೇಕೆ?

2025ರ ಜುಲೈ 4ರಂದು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಡನೆ ಹ್ಯಾಮ್ ರೇಡಿಯೊ ಮೂಲಕ ಮಾತನಾಡಿದರು. ಮಾತುಕತೆ ನಡೆದದ್ದು ಕೆಲವೇ ನಿಮಿಷ. ಆದರೆ ಅದರ ಸುದ್ದಿ ಓದಿ, "ನಾನೂ ಹ್ಯಾಮ್ ಆಗ್ತೀನಿ" ಎಂದು ಹಟ ಹಿಡಿದ ಮಕ್ಕಳು ಕಡಿಮೆಯಲ್ಲ. ದೊಡ್ಡಬಳ್ಳಾಪುರದಲ್ಲಿ ನಾಲ್ಕು ವಿದ್ಯುತ್ ಮಗ್ಗ ಇಟ್ಟುಕೊಂಡಿರುವ ನೇಕಾರರೊಬ್ಬರ ಮಗಳೂ ಅವರಲ್ಲಿ ಒಬ್ಬಳು. ಆಗಷ್ಟೇ ಪಿ.ಯು.ಸಿ. ಮೊದಲ ವರ್ಷಕ್ಕೆ ಸೇರಿದ್ದಳು.

ಅಪ್ಪನದು ತಕರಾರಿಲ್ಲ. "ಕಟ್ಟಮ್ಮ ಪರೀಕ್ಷೆ, ಯಾರು ಬೇಡ ಅಂದ್ರು?" ಎಂದರು. ಬೆಂಗಳೂರಿನಿಂದ ಬಂದಿದ್ದ ಸೋದರಮಾವ ಮಾತ್ರ ಒಂದು ಪ್ರಶ್ನೆ ಎತ್ತಿದರು: "ಯಾವ ದರ್ಜೆಗೆ ಕಟ್ತೀಯಾ?" ಮನೆಯಲ್ಲಿ ಎರಡು ವಾರ ಚರ್ಚೆ ನಡೆದದ್ದು ಇದರ ಮೇಲೆಯೇ.

ಹವ್ಯಾಸಿ ರೇಡಿಯೊ ನಮ್ಮಲ್ಲಿ 1978ರ ನಿಯಮಗಳ ಚೌಕಟ್ಟಿನಲ್ಲಿ ಬೆಳೆದು ಬಂದದ್ದು. ಒಂದು ಕಾಲಕ್ಕೆ ಇದ್ದ ಹಲವು ದರ್ಜೆಗಳನ್ನು 2009ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಒಂದು ನಿರ್ಬಂಧಿತ ದರ್ಜೆ, ಅಂದರೆ 'ರಿಸ್ಟ್ರಿಕ್ಟೆಡ್'. ಇದರವರ ಕರೆಸಂಕೇತ ವಿ.ಯು.3ರಿಂದ ಆರಂಭ. ಇನ್ನೊಂದು ಸಾಮಾನ್ಯ ದರ್ಜೆ, 'ಜನರಲ್'. ಇದು ವಿ.ಯು.2. ರಾಜೀವ್ ಗಾಂಧಿಯವರ ಕರೆಸಂಕೇತ ವಿ.ಯು.2 ಆರ್.ಜಿ. ಆಗಿತ್ತೆಂಬುದನ್ನು ಹ್ಯಾಮ್‌ಗಳು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. 12 ವರ್ಷ ತುಂಬಿದ ಯಾರೇ ಆಗಲಿ ಎರಡರಲ್ಲಿ ಯಾವುದಕ್ಕಾದರೂ ಕೂರಬಹುದು. ಕೆಳಗಿನದು ಪಾಸಾಗದೆ ಮೇಲಿನದಕ್ಕೆ ಹೋಗಬಾರದೆಂಬ ಕಟ್ಟಳೆ ಇಲ್ಲ.

ಲಿಖಿತ ಪರೀಕ್ಷೆಯ ವಿಷಯ ಎರಡಕ್ಕೂ ಹೆಚ್ಚುಕಡಿಮೆ ಒಂದೇ: ರೇಡಿಯೊ ಸಿದ್ಧಾಂತ ಮತ್ತು ನಿಯಮಾವಳಿ. ನಿರ್ಬಂಧಿತಕ್ಕೆ ಒಂದು ಗಂಟೆಯ ಪತ್ರಿಕೆ, ಸಾಮಾನ್ಯಕ್ಕೆ ಎರಡು ಗಂಟೆಯದು. ಓಮನ ನಿಯಮ, ಸುರುಳಿ, ಕೆಪಾಸಿಟರ್, ಟ್ರಾನ್ಸಿಸ್ಟರ್ ಇವೆಲ್ಲ ಪಿ.ಯು. ಭೌತಶಾಸ್ತ್ರಕ್ಕಿಂತ ದೂರದವಲ್ಲ. ನಿಜವಾದ ವ್ಯತ್ಯಾಸ ಮೋರ್ಸ್ ಸಂಕೇತದ್ದು. ಸಾಮಾನ್ಯ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಕೇಳಿ ಬರೆದುಕೊಳ್ಳಬೇಕು, ಅದೇ ವೇಗದಲ್ಲಿ ಕಳಿಸಲೂ ಬೇಕು. ಐದಕ್ಷರಕ್ಕೆ ಒಂದು ಪದವೆಂದು ಲೆಕ್ಕ. ಅಲ್ಲಿಗೆ ನಿಮಿಷಕ್ಕೆ 40 ಅಕ್ಷರ, ಒಂದೂವರೆ ಸೆಕೆಂಡಿಗೆ ಒಂದು. ಹಿಂದಿನ ಅಕ್ಷರ ಯಾವುದೆಂದು ಯೋಚಿಸುತ್ತ ಕೂತರೆ ಮುಂದಿನದು ಕೈಬಿಟ್ಟು ಹೋಗುತ್ತದೆ.

ಮಾವನ ವಾದ ಸರಳವಾಗಿತ್ತು. "ಎರಡು ಸಲ ಯಾಕೆ ಬರೀಬೇಕು? ಒಂದೇ ಸಲಕ್ಕೆ ದೊಡ್ಡದನ್ನೇ ಕಟ್ಟಿ ಮುಗಿಸು. ನಿರ್ಬಂಧಿತದವರಿಗೆ ಶಾರ್ಟ್‌ವೇವ್‌ನಲ್ಲಿ 50 ವ್ಯಾಟ್, ಸಾಮಾನ್ಯದವರಿಗೆ 400 ವ್ಯಾಟ್. ಎಂಟು ಪಟ್ಟು ಜಾಸ್ತಿ!" ಎಂಟು ಪಟ್ಟು ಎಂದ ಕೂಡಲೇ ಅಪ್ಪನ ಕಣ್ಣೂ ಅರಳಿತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಕಿವಿಯಾಗಲಿ ರೇಡಿಯೊ ಗ್ರಾಹಕವಾಗಲಿ ಶಕ್ತಿಯನ್ನು ಅಳೆಯುವುದು ಮೊಳ ಹಾಕಿ ಬಟ್ಟೆ ಅಳೆದ ಹಾಗಲ್ಲ. ಗ್ರಾಹಕದ ಮೇಲಿನ ಸಂಕೇತಮಾಪಕದಲ್ಲಿ ಮುಳ್ಳು ಒಂದು ಗುರುತು ಮೇಲೇರಲು ಶಕ್ತಿ ನಾಲ್ಕು ಪಟ್ಟಾಗಬೇಕು. ಎಂಟು ಪಟ್ಟಾದರೆ ಮುಳ್ಳು ಏರುವುದು ಒಂದೂವರೆ ಗುರುತು, ಅಷ್ಟೇ. ಅದೂ ಅಲ್ಲದೆ 400 ವ್ಯಾಟ್‌ನ ಪ್ರೇಷಕವನ್ನು ಕೊಳ್ಳುವವರು ಯಾರು? ಹೊಸ ಶಾರ್ಟ್‌ವೇವ್ ಸೆಟ್ಟಿಗೆ ಅರ್ಧ ಲಕ್ಷ ರೂಪಾಯಿಗೂ ಹೆಚ್ಚು ಬೀಳುತ್ತದೆ, ಸಾಮಾನ್ಯವಾಗಿ ಅದರ ಶಕ್ತಿಯೂ 100 ವ್ಯಾಟ್ ಮಾತ್ರ. ಹೈದರಾಬಾದಿನ ಅಶ್ಹರ್ ಫರ್ಹಾನ್, ಕರೆಸಂಕೇತ ವಿ.ಯು.2 ಇ.ಎಸ್.ಇ., ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬಿಡಿಭಾಗಗಳಿಂದ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ 'ಬಿಟ್‌ಎಕ್ಸ್' ಎಂಬ ಸೆಟ್ಟನ್ನು ರೂಪಿಸಿದರು. ದೇಶ ವಿದೇಶದ ಹವ್ಯಾಸಿಗಳು ಅದನ್ನು ಕಟ್ಟಿದ್ದಾರೆ. ಅದರ ಶಕ್ತಿ ಆರೇಳು ವ್ಯಾಟ್. ಅಂಥದ್ದರಿಂದ ಆರಂಭಿಸುವ ವಿದ್ಯಾರ್ಥಿಗೆ 50ರ ಮಿತಿಯೂ ದೂರದ ಮಾತೇ. ಆದ್ದರಿಂದ ವ್ಯಾಟ್‌ನ ಆಸೆಗೆ ಸಾಮಾನ್ಯ ದರ್ಜೆ ಆರಿಸುವುದು ಅಷ್ಟು ಬುದ್ಧಿವಂತಿಕೆಯಲ್ಲ.

ಹಾಗಾದರೆ ಸಾಮಾನ್ಯ ದರ್ಜೆಯ ಲಾಭ ಏನು? ಅದು ಮೋರ್ಸ್‌ನಲ್ಲೇ ಇದೆ. ಮಾತಿನ ದನಿಯನ್ನು ಒಯ್ಯಲು ಸುಮಾರು 2,500 ಹರ್ಟ್ಸ್ ಅಗಲದ ದಾರಿ ಬೇಕು. ಮೋರ್ಸ್‌ಗೆ 250 ಹರ್ಟ್ಸ್ ಸಾಕು. ಜರಡಿಯ ಕಣ್ಣು ಹತ್ತರಲ್ಲೊಂದಾದರೆ ಒಳಗೆ ನುಗ್ಗುವ ಗದ್ದಲವೂ ಹತ್ತರಲ್ಲೊಂದು. ಅಂದರೆ ಎಂಟು ಪಟ್ಟು ವ್ಯಾಟ್ ಕೊಡುವುದಕ್ಕಿಂತ ಹೆಚ್ಚಿನದನ್ನು ಒಂದು ಕಿರಿದಾದ ಫಿಲ್ಟರೂ ಪಳಗಿದ ಕಿವಿಯೂ ಸೇರಿ ಕೊಡುತ್ತವೆ. ಐದು ವ್ಯಾಟ್‌ನ ಮೋರ್ಸ್ ಕಡಲು ದಾಟಿ ಹೋಗುವುದು ಹೀಗೆ. ಹಗಲಿರುಳು ಸ್ಟಾರ್ಟರ್ ಕಿಡಿ ಹಾರಿಸುವ ಮಗ್ಗದ ಮನೆಯಲ್ಲಿ, ಅಗ್ಗದ ಎಲ್‌ಇಡಿ ದೀಪಗಳ ಕರಕರದ ನಡುವೆ ರೇಡಿಯೊ ಕೇಳಬೇಕಾದ ಹುಡುಗಿಗೆ ಇದು ಸಣ್ಣ ಮಾತಲ್ಲ.

ಹೊರಗೆಲ್ಲ ಮೋರ್ಸ್ ಪರೀಕ್ಷೆ ಹೋಗಿಬಿಟ್ಟಿದೆಯಲ್ಲ ಎಂದು ಕೇಳುವವರಿದ್ದಾರೆ. ನಿಜ. 2003ರ ವಿಶ್ವ ರೇಡಿಯೊ ಸಮ್ಮೇಳನ ಅದನ್ನು ಆಯಾ ದೇಶಗಳ ಇಚ್ಛೆಗೆ ಬಿಟ್ಟಿತು, ಅಮೆರಿಕ 2007ರಲ್ಲಿ ಕೈಬಿಟ್ಟಿತು. ಭಾರತ ಸಾಮಾನ್ಯ ದರ್ಜೆಗೆ ಉಳಿಸಿಕೊಂಡಿತು. ಇದು ಹಳೆಯ ಕಾಲದ ಹಟವೆಂದು ಗೊಣಗುವವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ಮೋರ್ಸ್ ಕಲಿತು ಪಶ್ಚಾತ್ತಾಪ ಪಟ್ಟವರು ಅಪರೂಪ.

ಅಮ್ಮನ ಚಿಂತೆ ಬೇರೆ. "ಮುಂದಿನ ವರ್ಷ ಸಿ.ಇ.ಟಿ. ಇದೆ. ಈ ಟಕ್ಕು ಟಿಕ್ಕಲ್ಲಿ ಓದು ಕೆಟ್ಟರೆ?" ಇದನ್ನು ಪಾಲಕರ ಅಂಜಿಕೆಯೆಂದು ತಳ್ಳಿಹಾಕುವಂತಿಲ್ಲ. ಲಿಖಿತ ಪರೀಕ್ಷೆಯ ಪಾಠವನ್ನು ದಸರಾ ರಜೆಯಲ್ಲಿ ಕೂತು ಓದಿ ಮುಗಿಸಬಹುದು. ಮೋರ್ಸ್ ಹಾಗಲ್ಲ. ಅದು ಈಜು, ಮೃದಂಗ ಇದ್ದ ಹಾಗೆ. ಭಾನುವಾರ ಐದು ಗಂಟೆ ಕೂತರೆ ಬಾರದು, ದಿನಕ್ಕೆ ಹದಿನೈದು ನಿಮಿಷದಂತೆ ತಿಂಗಳುಗಟ್ಟಲೆ ಬೇಕು. ಚುಕ್ಕಿ ಗೆರೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡುವುದಂತೂ ದೊಡ್ಡ ತಪ್ಪು. ಕಣ್ಣಿನಿಂದ ಕಲಿತವರು ಕಿವಿಗೆ ಬಿದ್ದದ್ದನ್ನು ಮತ್ತೆ ಚುಕ್ಕಿಗಳಾಗಿ ಎಣಿಸಲು ಹೋಗಿ ಎಡವುತ್ತಾರೆ. 1930ರ ದಶಕದಲ್ಲಿ ಜರ್ಮನಿಯ ಮನೋವಿಜ್ಞಾನಿ ಲುಡ್‌ವಿಗ್ ಕೋಚ್ ತೋರಿಸಿದ ದಾರಿ ಬೇರೆಯೇ: ಮೊದಲ ದಿನದಿಂದಲೇ ಪೂರ್ಣ ವೇಗ, ಆದರೆ ಎರಡೇ ಅಕ್ಷರ. ಅವು ಪಳಗಿದ ಮೇಲೆ ಮೂರನೆಯದು. 'ತಕಿಟ' ಕೇಳಿದವರು ಅದರಲ್ಲಿ ಎಷ್ಟು ಬಡಿತ ಎಂದು ಎಣಿಸುತ್ತಾರೆಯೇ? ಹಾಗೆಯೇ 'ಡಾಡಿಡಾ' ಕೇಳಿದರೆ 'ಕೆ' ಅಕ್ಷರವೇ ಕೇಳಬೇಕು. ಲಾಳಿಯ ಲಯದಲ್ಲೇ ಬೆಳೆದ ಮಗುವಿಗೆ ಇದು ಬೇಗ ಹತ್ತಬಹುದೆಂದು ಅಪ್ಪನ ನಂಬಿಕೆ. ನಂಬಿಕೆಗೆ ಆಧಾರ ಇರಲೇಬೇಕೆಂದೇನಿಲ್ಲ.

ಅಪ್ಪನಿಗೂ ಒಂದು ಆಸೆಯಿತ್ತು. ಸೂರತ್‌ನ ನೂಲಿನ ದರವನ್ನು ಮಗಳ ಸೆಟ್ಟಿನಲ್ಲಿ ವಿಚಾರಿಸಬಹುದಲ್ಲ ಎಂದು. ಅದು ಸಾಧ್ಯವಿಲ್ಲ. ಹ್ಯಾಮ್ ತರಂಗದ ಮೇಲೆ ವ್ಯಾಪಾರದ ಮಾತು ನಿಷಿದ್ಧ. ಹಾಗಾದರೆ ಉಪಯೋಗ? 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಹವ್ಯಾಸಿ ಪ್ರಯೋಗಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಅಪ್ಪನಿಗೆ ಅಷ್ಟು ಸಾಕಾಯಿತು.

ಕೊನೆಗೆ ತೀರ್ಮಾನ ಮಾಡಿದವಳು ಹುಡುಗಿಯೇ. ಮೊದಲು ನಿರ್ಬಂಧಿತ ದರ್ಜೆ, ಸಾಮಾನ್ಯ ದರ್ಜೆ ಸಿ.ಇ.ಟಿ. ಮುಗಿದ ಮೇಲೆ. ಇದನ್ನು ಮಾವ ಹೇಳಿದ ಹಾಗೆ ಹಿಂಜರಿಕೆ ಎನ್ನಬೇಕಿಲ್ಲ. ಪರೀಕ್ಷೆ ಪಾಸಾದ ದಿನವೇ ಮೈಕು ಹಿಡಿಯಲು ಬರುವುದಿಲ್ಲ. ಪ್ರಮಾಣಪತ್ರ ಬೇರೆ, ಕೇಂದ್ರ ನಡೆಸುವ ಲೈಸೆನ್ಸು ಬೇರೆ. ಅದು ಕೈಗೆ ಬರಲು ಕಾಯಬೇಕು. ಬೇಗ ಸಿಗುವ ದರ್ಜೆಯನ್ನು ಪಡೆದು, ಗಾಳಿಯ ಮೇಲೆ ನಾಲ್ಕು ಜನರೊಡನೆ ಮಾತನಾಡುತ್ತ, ಬೇರೆಯವರ ಮೋರ್ಸ್ ಕೇಳುತ್ತ ಕಲಿತರೆ ಎರಡನೆಯ ಪರೀಕ್ಷೆ ಹೊರೆಯಾಗದು. ಪದವಿ ಓದುತ್ತಿರುವವರು, ದಿನಕ್ಕೆ ಅರ್ಧ ಗಂಟೆ ಖಂಡಿತ ಸಿಗುವವರು ನೇರವಾಗಿ ಸಾಮಾನ್ಯ ದರ್ಜೆಗೆ ಕೂತರೆ ತಪ್ಪೇನಿಲ್ಲ. ಬೆಂಗಳೂರಿನಲ್ಲಿ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇವೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮಕ್ಕಳಿಗೂ ಬಸ್ಸಿನ ದಾರಿಯೇ. ಅರ್ಜಿ ತುಂಬುವ ಮುನ್ನ ದೂರಸಂಪರ್ಕ ಇಲಾಖೆಯ ಆ ಹೊತ್ತಿನ ನಿಯಮ ಓದಿಕೊಳ್ಳಬೇಕು.

ಹುಡುಗಿ ಅರ್ಜಿ ತುಂಬಿದ್ದಾಳೆ. ಸಂಜೆ ಮಗ್ಗ ನಿಲ್ಲಿಸಿ ಊಟಕ್ಕೆ ಏಳುವ ಹೊತ್ತಿನ ಹದಿನೈದು ನಿಮಿಷ ಮೋರ್ಸ್‌ಗೆ ಮೀಸಲು. ಹದಿನೇಳು ಅಕ್ಷರ ಬಂದಿವೆ. 'ಬಿ' ಅಕ್ಷರಕ್ಕೂ 6ರ ಅಂಕಿಗೂ ನಡುವೆ ಇರುವುದು ಒಂದು ಚುಕ್ಕಿಯ ಅಂತರ, ಅದೊಂದು ಇನ್ನೂ ತಪ್ಪುತ್ತದೆ.