ಕಕಾರದ ಮೃಗಗಳನ್ನು ಅರಸುತ್ತ

ಕನ್ನಡದ ವರ್ಣಮಾಲೆಯಲ್ಲಿ ಸ್ವರಗಳು ಮುಗಿದು ವ್ಯಂಜನಗಳು ಆರಂಭವಾಗುವೆಡೆಯಲ್ಲಿ ಮುಂದಾಳಾಗಿ ನಿಂತಿರುವ ಅಕ್ಷರವು ಕಕಾರವು. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಗೃಹಸ್ಥರೆಲ್ಲರೂ ಇದರ ಬಳಿ ಕೊಂಚ ಕಾಲ ನಿಲ್ಲಲೇಬೇಕು. ಹಾಗೆ ನಿಂತವರು ಒಂದು ಕೌತುಕವನ್ನು ಗಮನಿಸಿರಬಹುದು. ಮರಿಗೆ ಮೊಲೆಯೂಡಿಸಿ ಸಾಕುವ ಪ್ರಾಣಿಗಳನ್ನು ಶಾಸ್ತ್ರಜ್ಞರು ಸಸ್ತನಿಗಳೆಂದು ಕರೆಯುವರಷ್ಟೆ; ಅವುಗಳಲ್ಲಿ ಎಷ್ಟೋ ಬಗೆಯವು ನಮ್ಮ ನುಡಿಯಲ್ಲಿ ಈ ಒಂದೇ ಅಕ್ಷರವನ್ನು ಆಶ್ರಯಿಸಿವೆ. ಕೊಟ್ಟಿಗೆಯ ಕರು, ಹಟ್ಟಿಯ ಕುರಿ, ಹೊರೆಯ ಕತ್ತೆ, ಜಟಕಾದ ಕುದುರೆ, ಇವು ನಾಡಿನವು. ಕರಡಿ, ಕಡವೆ, ಕಾಟಿ, ಕೆನ್ನಾಯಿ, ಕೃಷ್ಣಮೃಗ, ಕತ್ತೆಕಿರುಬ, ಕಾಡುಪಾಪ, ಇವು ಕಾಡಿನವು.

ನಾಡಿನವುಗಳನ್ನು ನೋಡಲು ಪ್ರವಾಸವು ಬೇಕಿಲ್ಲ. ಕಾಡಿನವುಗಳನ್ನಾದರೋ ನಮ್ಮ ಮನೆಗಳ ಮಕ್ಕಳು ಪಟದಲ್ಲಿ ಮಾತ್ರ ಕಂಡಿರುವರು. ಆದಕಾರಣ ಈ ಪಟ್ಟಿಯನ್ನೇ ದಾರಿಯ ಬುತ್ತಿಯಾಗಿ ಕಟ್ಟಿಕೊಂಡು ಕನ್ನಡನಾಡಿನಲ್ಲಿ ಒಂದು ಸುತ್ತು ಬರಬೇಕೆಂದು ನಾವು ಸಂಕಲ್ಪಿಸಿದೆವು. ಆ ಸಂಚಾರದಲ್ಲಿ ಕಂಡುದನ್ನೂ ಅದರಿಂದ ನಮಗೆ ತೋರಿದುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಮೊದಲು ಕಾಡುಪಾಪವನ್ನು ಅರಸಿ ಹೊರಟೆವು. ಇದಕ್ಕಾಗಿ ದಟ್ಟಡವಿಗೆ ಹೋಗಬೇಕೆಂದು ಎಣಿಸುವವರಿಗೆ ಆಶ್ಚರ್ಯವಾದೀತು. ಬೆಂಗಳೂರಿನ ನಡುವೆ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲಿಯೂ ಈ ಜೀವಿಯು ವಾಸವಾಗಿದೆ. ನಾವು ಹೋದುದು ತುಮಕೂರು ತಾಲ್ಲೂಕಿನ ನಾಗವಲ್ಲಿಗೆ. ಅಲ್ಲಿ ಹೊಲಗಳ ಬೇಲಿಸಾಲಿನಲ್ಲಿಯೂ ತೋಪುಗಳಲ್ಲಿಯೂ ಕಾಡುಪಾಪಗಳಿವೆ. ಕತ್ತಲಾದ ಮೇಲೆ, ಬ್ಯಾಟರಿ ದೀಪದ ಮುಖಕ್ಕೆ ಕೆಂಪು ಕಾಗದವನ್ನು ಸುತ್ತಿಕೊಂಡು ಬೇಲಿಯ ಬದಿಯಲ್ಲಿ ನಡೆದೆವು. ಬಿಳಿಯ ಬೆಳಕು ಆ ಪ್ರಾಣಿಯ ಕಣ್ಣಿಗೆ ಸಲ್ಲದು. ಬಹಳ ಹೊತ್ತಿನ ಮೇಲೆ ಮುಳ್ಳುಕೊಂಬೆಗಳ ನಡುವೆ ಎರಡು ಕೆಂಡದ ಚುಕ್ಕಿಗಳು ಹೊಳೆದವು. ಕಾಲು ಕಿಲೋಗ್ರಾಮಿನ ಆಸುಪಾಸಿನ ತೂಕ, ಕಡ್ಡಿಯಂಥ ಕೈಕಾಲು, ಬಾಲವಿಲ್ಲದ ಬೆನ್ನು, ಮುಖದ ತುಂಬ ಕಣ್ಣು. ಕೊಂಬೆಯನ್ನು ಎಳೆಯ ಮಗುವಿನ ಹಾಗೆ ಮುಷ್ಟಿಗಟ್ಟಿ ಹಿಡಿದು, ಒಂದು ಕೈಯನ್ನು ಬಿಡುವ ಮುನ್ನ ಇನ್ನೊಂದನ್ನು ಭದ್ರಪಡಿಸಿಕೊಂಡು, ಅದು ಹುಳುಗಳನ್ನು ಹುಡುಕುತ್ತ ಸಾಗಿತು.

ಕೋತಿಯಂತೆ ನೆಗೆಯಲು ಅದಕ್ಕೆ ಬಾರದು. ಕೊಂಬೆಗೆ ಕೊಂಬೆ ತಾಗಿದರೆ ಮಾತ್ರ ಅದಕ್ಕೆ ದಾರಿ. ರಸ್ತೆಯ ಅಗಲೀಕರಣಕ್ಕಾಗಿ ಒಂದು ಸಾಲುಮರವನ್ನು ಕಡಿದರೆ ನಮಗೆ ನೆರಳು ಹೋಯಿತು; ಅದಕ್ಕೆ ಸೇತುವೆಯೇ ಮುರಿಯಿತು. ಊರಿನ ವೃದ್ಧೆಯೊಬ್ಬರು, “ಅದರ ಕಣ್ಣು ಬಿದ್ದರೆ ಕೇಡು ಅಂತಿದ್ದರು ಸ್ವಾಮಿ, ಕಂಡ ಕಂಡಲ್ಲೇ ಹೊಡೀತಿದ್ದರು” ಎಂದು ತಿಳಿಸಿದರು. ಮಾಟಮಂತ್ರಗಳಿಗಾಗಿ ಇದರ ಕಣ್ಣನ್ನು ಕಿತ್ತು ಕೊಲ್ಲುವ ಕ್ರೌರ್ಯವೂ ನಡೆದುಬಂದಿದೆ. ‘ಪಾಪ’ ಎಂಬ ಮಾತಿಗೆ ನಮ್ಮಲ್ಲಿ ಮಗುವೆಂದೂ ಅರ್ಥವುಂಟು, ಅಯ್ಯೋ ಎಂಬ ಮರುಕವೂ ಉಂಟು, ದುಷ್ಕರ್ಮವೆಂಬ ಅರ್ಥವೂ ಉಂಟು. ಹೆಸರಿಟ್ಟ ಹಿರಿಯರು ಮೊದಲ ಅರ್ಥದಲ್ಲಿಯೇ ಇಟ್ಟಿರಬೇಕು. ನಡುವಿನದನ್ನು ಉಳಿಸಿಕೊಂಡು ಕೊನೆಯದರಿಂದ ದೂರವಿರುವುದು ನಮ್ಮ ಕೈಯಲ್ಲಿದೆ. ನೆರೆಯ ತಮಿಳುನಾಡಿನವರು 2022ರಲ್ಲಿ ಕಡವೂರಿನ ಗುಡ್ಡಗಳನ್ನು ಈ ಪ್ರಾಣಿಗಾಗಿಯೇ ಮೀಸಲಿಟ್ಟು, ದೇಶದಲ್ಲಿಯೇ ಮೊದಲನೆಯ ಕಾಡುಪಾಪದ ಅಭಯಾರಣ್ಯವನ್ನು ಸ್ಥಾಪಿಸಿದ್ದಾರೆ.

ತುಮಕೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲನ್ನೇರಿ ರಾಣೆಬೆನ್ನೂರಿನಲ್ಲಿ ಇಳಿದೆವು. ಇಲ್ಲಿ 1974ರಲ್ಲಿ 119 ಚದರ ಕಿಲೋಮೀಟರುಗಳ ಕೃಷ್ಣಮೃಗ ಅಭಯಾರಣ್ಯವು ಏರ್ಪಟ್ಟಿತು. ಈ ಸೀಮೆಯವರ ಬಾಯಲ್ಲಿ ಅದು ಚಿಗರಿ. ಕೃಷ್ಣಮೃಗವು ಸ್ವೇಚ್ಛೆಯಾಗಿ ಚರಿಸುವ ಭೂಮಿಯೇ ಯಜ್ಞಕ್ಕೆ ಯೋಗ್ಯವೆಂದು ಧರ್ಮಶಾಸ್ತ್ರಕಾರರು ಹೇಳಿರುವುದನ್ನು ಹಿರಿಯ ವಾಚಕರು ಬಲ್ಲರು. ಬೆಳಗಿನ ಎಳೆಬಿಸಿಲಿನಲ್ಲಿ ಒಂದು ಹಿಂಡು ನಮ್ಮ ಕಣ್ಣಿಗೆ ಬಿತ್ತು. ಹೆಣ್ಣುಗಳದು ಗೋದಿಬಣ್ಣ, ಕೊಂಬಿಲ್ಲ. ನಡುವೆ ನಿಂತ ಗಂಡು ಮಾತ್ರ ಮೇಲೆ ಕಗ್ಗಪ್ಪು, ಹೊಟ್ಟೆಯಲ್ಲಿ ಹಾಲುಬಿಳುಪು. ತಿರುಚಿ ಮೇಲೇರಿದ ಕೊಂಬುಗಳೆರಡು ತಲೆಯ ಮೇಲೆ. ನಾವು ಕೆಮ್ಮಿದುದೇ ತಡ, ಹಿಂಡೆಲ್ಲವೂ ನೆಲವನ್ನು ಒದೆದು ಹಾರಿತು. ಗಂಟೆಗೆ ಸುಮಾರು 80 ಕಿಲೋಮೀಟರು ವೇಗದಲ್ಲಿ ಓಡಬಲ್ಲ ಈ ಮೃಗವನ್ನು ಇಂದು ಅಷ್ಟು ವೇಗದಲ್ಲಿ ಬೆನ್ನಟ್ಟುವ ಪ್ರಾಣಿಯು ಈ ನೆಲದಲ್ಲಿ ಯಾವುದೂ ಇಲ್ಲ. ಹಿಂದೆ ಇದ್ದಿತು. ಅದರ ಹೆಸರು ಶಿವಂಗಿ. ಚೀತಾ ಎಂದರೆ ಈಗಿನವರಿಗೆ ತಿಳಿದೀತು. ಭಾರತದಲ್ಲಿ ಅದು ನಿರ್ವಂಶವಾಯಿತೆಂದು 1952ರಲ್ಲಿ ಸಾರಲಾಯಿತು. 2022ರಲ್ಲಿ ಆಫ್ರಿಕದಿಂದ ತಂದ ಚೀತಾಗಳನ್ನು ಮಧ್ಯಪ್ರದೇಶದ ಕೂನೋದಲ್ಲಿ ಬಿಟ್ಟಿರುವರಾದರೂ ಕನ್ನಡನಾಡಿನ ಬಯಲುಗಳಲ್ಲಿ ಶಿವಂಗಿಯಿಲ್ಲ. ಪ್ರಾಣಿಯು ಹೋಯಿತು, ಪದವು ನಿಘಂಟಿನಲ್ಲಿ ಉಳಿಯಿತು. ಇಂದು ಶಿವಂಗಿಯೆಂದರೇನೆಂದು ಕೇಳಿದರೆ ಹತ್ತು ಮನೆಗಳಲ್ಲಿ ಒಂದರಲ್ಲಿಯಾದರೂ ಉತ್ತರ ಬಂದೀತೇ?

ರಾಣೆಬೆನ್ನೂರಿನ ಬಯಲಿನಲ್ಲಿ ಇನ್ನೊಂದು ಪಾಠವೂ ಇದೆ. ಹುಲ್ಲುಗಾವಲೆಂದರೆ ಬರಡುನೆಲ, ಮರ ನೆಟ್ಟರೆ ಅದು ಕಾಡಾದೀತು ಎಂಬ ಎಣಿಕೆಯಿಂದ ಇಲ್ಲಿ ನೀಲಗಿರಿಯ ತೋಪುಗಳನ್ನು ಬೆಳೆಸಿದರು. ಬಯಲನ್ನೇ ನೆಚ್ಚಿದ ಎರೆಭೂತವೆಂಬ ದೊಡ್ಡ ಹಕ್ಕಿಯು ಇಂದು ಇಲ್ಲಿ ಕಾಣಸಿಗದು. ಚಿಗರಿಗಳು ಬದುಕಿದವು, ಆದರೆ ಮೇವನ್ನು ಅರಸಿ ಹೊಲಗಳಿಗೆ ಇಳಿಯುತ್ತವೆ. ನಾವು ಮೆಚ್ಚಿ ನೋಡುತ್ತಿರುವಾಗ ಬದುವಿನ ಮೇಲೆ ಕುಳಿತಿದ್ದ ರೈತರೊಬ್ಬರು, “ನಿಮ್ಗ ಚಿಗರಿ ಚಂದ ಕಾಣ್ತಾವ್ರೀ, ನಮ್ಗ ಅವು ತಿಂದು ಹ್ವಾದ ಗೋವಿನಜೋಳ ಕಾಣ್ತೈತ್ರಿ” ಎಂದರು. ಆ ಮಾತಿಗೆ ನಮ್ಮಲ್ಲಿ ಮರುಮಾತಿರಲಿಲ್ಲ. ಮೃಗರಕ್ಷಣೆಯ ಪುಣ್ಯವೆಲ್ಲವೂ ಪೇಟೆಯವರಿಗೆ, ಅದರ ವೆಚ್ಚವೆಲ್ಲವೂ ಬೇಲಿಯಂಚಿನ ರೈತನಿಗೆ ಎಂದಾದರೆ ಆ ರಕ್ಷಣೆಯು ಬಹುಕಾಲ ಬಾಳದು. ಬೆಳೆಹಾನಿಯ ಪರಿಹಾರವು ಸಕಾಲಕ್ಕೆ ಅವನ ಕೈಸೇರುವುದು ದಯೆಯಲ್ಲ, ಋಣಸಂದಾಯ.

ಅಲ್ಲಿಂದ ಗದಗಿಗೆ ಬಂದು ಕಪ್ಪತಗುಡ್ಡವನ್ನು ಹತ್ತಿದೆವು. ಇದು ಔಷಧಿಯ ಗಿಡಮೂಲಿಕೆಗಳಿಗೆ ಪ್ರಸಿದ್ಧವಾದ ಗುಡ್ಡಸಾಲು. ಗಣಿಗಾರಿಕೆಯಿಂದ ಇದನ್ನು ಕಾಪಾಡಬೇಕೆಂದು ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳೂ ಸುತ್ತಣ ಜನರೂ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರುಗಳ ಗುಡ್ಡವು ವನ್ಯಜೀವಿಧಾಮವೆಂದು ಘೋಷಿತವಾಯಿತು. ಇಲ್ಲಿ ನಾವು ಅರಸಿದುದು ಕತ್ತೆಕಿರುಬನನ್ನು. ಅದರ ದರ್ಶನವಾಗಲಿಲ್ಲ. ಕಲ್ಲುಗಳ ನಡುವೆ ಸುಣ್ಣದಂತೆ ಬೆಳ್ಳಗಾದ ಹಿಕ್ಕೆಯನ್ನು ಮಾತ್ರ ನಮ್ಮ ಜೊತೆಗಾರರು ತೋರಿಸಿದರು. ಎಲುಬನ್ನೇ ಅಗಿದು ಅರಗಿಸಿಕೊಳ್ಳುವ ಜೀವಿಯಾದುದರಿಂದ ಅದರ ಹಿಕ್ಕೆಯು ಒಣಗಿದಾಗ ಹೀಗೆ ಬೆಳ್ಳಗಾಗುವುದು. ಕತ್ತೆಕಿರುಬನೆಂಬುದು ಎಂಥ ಅನ್ಯಾಯದ ಹೆಸರು! ಅದು ಕತ್ತೆಯೂ ಅಲ್ಲ, ನಾಯಿಯಂತೆ ಕಂಡರೂ ನಾಯಿಯ ಕುಲದ್ದಲ್ಲ. ಮುಂಗುಸಿ, ಪುನುಗುಬೆಕ್ಕುಗಳಿಗೆ ಹತ್ತಿರದ ಬಂಧು. ಸತ್ತ ದನದ ಅಳಿದುಳಿದುದನ್ನು ತಿಂದು ಊರಿನ ಹೊರವಲಯವನ್ನು ಶುಚಿಮಾಡುವ ಈ ಮೂಕಸೇವಕನಿಗೆ ಸಂಬಳವಿಲ್ಲ, ಹೊಗಳಿಕೆಯೂ ಇಲ್ಲ.

ಗದಗಿನಿಂದ ಕೊಪ್ಪಳದ ಮಾರ್ಗವಾಗಿ ಹೊಸಪೇಟೆಗೆ ಬರುವ ರೈಲುದಾರಿಯು ನಮ್ಮನ್ನು ಕರಡಿಗಳ ರಾಜ್ಯಕ್ಕೆ ತಂದಿತು. ಹಂಪೆಯ ನೆರೆಯ ಸೀಮೆಯನ್ನು ಜನರು ಕಿಷ್ಕಿಂಧೆಯೆಂದು ನಂಬುವರು. ಕಪಿಗಳ ಜೊತೆಗೆ ಜಾಂಬವಂತನೂ ಇದ್ದ ನಾಡಿನಲ್ಲಿ ಇಂದಿಗೂ ಕರಡಿಗಳಿರುವುದು ಎಷ್ಟು ಉಚಿತ! ಹಂಪೆಯಿಂದ ಸುಮಾರು 15 ಕಿಲೋಮೀಟರು ದೂರದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವು ಸ್ಥಾಪನೆಯಾಯಿತು. ಅರಣ್ಯದ ಸಿಬ್ಬಂದಿಯವರು ಬಂಡೆಗಳಿಗೆ ಬೆಲ್ಲದ ಪಾಕವನ್ನು ಬಳಿದಿಡುವರು. ಇಳಿಹೊತ್ತಿನಲ್ಲಿ ವೀಕ್ಷಣಾಗೋಪುರದ ಮೇಲೆ ಕುಳಿತಿದ್ದ ನಮಗೆ ಎದುರಿನ ಗುಡ್ಡದ ಬಂಡೆಯೊಂದು ಮೆಲ್ಲನೆ ಚಲಿಸಿದಂತಾಯಿತು. ಅದು ತಾಯಿಕರಡಿ. ಅದರ ಬೆನ್ನಿನ ಜೂಲನ್ನು ಹಿಡಿದುಕೊಂಡು ಎರಡು ಮರಿಗಳು ಸವಾರಿ ಮಾಡುತ್ತಿದ್ದವು. ಸಂತೆಯಿಂದ ಮಕ್ಕಳನ್ನು ಬೆನ್ನಿಗೇರಿಸಿಕೊಂಡು ಬರುವ ತಾಯಿಗೂ ಅದಕ್ಕೂ ನಮಗೆ ಭೇದವು ತೋರಲಿಲ್ಲ.

ಈ ಕರಡಿಗೆ ಮೇಲ್ದವಡೆಯ ನಡುವಣ ಎರಡು ಹಲ್ಲುಗಳಿಲ್ಲ. ಆ ಸಂದಿನಿಂದ ಗೆದ್ದಲನ್ನು ಉಸಿರೆಳೆದು ಹೀರುವ ಸದ್ದು ದೂರದವರೆಗೆ ಕೇಳಿಸುವುದು. ತಿನ್ನುವುದರಲ್ಲಿ ಮುಳುಗಿದ ಕರಡಿಗೆ ಹತ್ತಿರ ಬಂದ ಮನುಷ್ಯನು ತಿಳಿಯನು. ಫಕ್ಕನೆ ಕಂಡಾಗ ಹೆದರಿ ಮೇಲೆ ಬೀಳುವುದು. ಕತ್ತಲೆಯಲ್ಲಿ ಹೊಲಕ್ಕೆ ಹೋಗುವವರು ಮಾತನಾಡುತ್ತ ಹೋಗಬೇಕೆಂಬುದು ಇದರಿಂದಲೇ. ನಮ್ಮ ಬಾಲ್ಯದಲ್ಲಿ ಕರಡಿ ಕುಣಿಸುವವರು ಬೀದಿಗೆ ಬಂದರೆ ಅಂಜುಬುರುಕ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ಅದರ ಕೂದಲಿನ ತಾಯಿತವನ್ನು ಕೊರಳಿಗೆ ಕಟ್ಟುತ್ತಿದ್ದರು. ಆ ಕರಡಿಯ ಮೂತಿಗೆ ಕಾದ ಕಬ್ಬಿಣದಿಂದ ತೂತು ಹೊಡೆದು ಹಗ್ಗ ಪೋಣಿಸಿದ್ದರೆಂಬುದು ಆಗ ಯಾರ ಲಕ್ಷ್ಯಕ್ಕೂ ಬರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇದನ್ನು ನಿಷೇಧಿಸಿದ್ದರೂ, ಕುಣಿಸುವವರಿಗೆ ಬೇರೆ ಜೀವನೋಪಾಯವನ್ನು ತೋರಿಸಿದ ಮೇಲೆಯೇ, 2009ರ ಹೊತ್ತಿಗೆ, ಆ ಪದ್ಧತಿಯು ಬಹುಮಟ್ಟಿಗೆ ನಿಂತಿತು. ಹೀಗೆ ಬಿಡುಗಡೆಯಾದ ಎಷ್ಟೋ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯ ದೊರೆಯಿತು.

ಕಡೆಯದಾಗಿ ಮೈಸೂರಿಗೆ ಬಂದು ಅಲ್ಲಿಂದ ಊಟಿಯ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರು ಸಾಗಿ ಬಂಡೀಪುರವನ್ನು ಸೇರಿದೆವು. 1973ರಲ್ಲಿ ಹುಲಿಯೋಜನೆಗೆ ಆರಿಸಲಾದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಎಲ್ಲರೂ ಹುಲಿಯನ್ನು ಹುಡುಕುತ್ತಿರಲು ನಾವು ನಮ್ಮ ಕಕಾರದವರನ್ನು ಹುಡುಕಿದೆವು. ಕೆರೆಯಂಚಿನಲ್ಲಿ ಕಡವೆಯೊಂದು ಕಿವಿ ನಿಮಿರಿಸಿ ನಿಂತಿತ್ತು. ಕೃಷ್ಣಮೃಗದ ಕೊಂಬು ಹುಟ್ಟಿದುದು ಸಾಯುವವರೆಗೆ ಉಳಿಯುವುದು. ಕಡವೆಯ ಕವಲುಗೊಂಬು ಬಿದ್ದು ಮತ್ತೆ ಮೊಳೆಯುವುದು. ಬಿದಿರುಮೆಳೆಯ ಹಿಂದೆ ಬಿಳಿಯ ಕಾಲುಚೀಲವನ್ನು ತೊಟ್ಟಂತಿದ್ದ ಕಾಟಿಗಳು ಮೇಯುತ್ತಿದ್ದವು. ಇವನ್ನು ಕಾಡುಕೋಣವೆನ್ನುವರಾದರೂ ಇವು ಕೋಣನ ಜಾತಿಯಲ್ಲ, ನಮ್ಮ ಎತ್ತು ಹಸುಗಳ ದಾಯಾದಿಗಳು. ದಾಯಾದಿತನದಿಂದ ಕೇಡೂ ಬಂದಿತು. 1968ರಲ್ಲಿ ದನಗಳ ರಿಂಡರ್‌ಪೆಸ್ಟ್ ರೋಗವು ಈ ಕಾಡುಗಳಿಗೆ ಹಬ್ಬಿ ಕಾಟಿಗಳು ಗುಂಪುಗುಂಪಾಗಿ ಸತ್ತವು. ಬಳಿಕ ದನಗಳಿಗೆ ಬಿಡದೆ ಲಸಿಕೆ ಹಾಕುತ್ತ ಬಂದುದರ ಫಲವಾಗಿ 2011ರಲ್ಲಿ ಆ ರೋಗವು ಜಗತ್ತಿನಿಂದಲೇ ತೊಲಗಿತೆಂದು ಘೋಷಿಸಲಾಯಿತು. ಕೊಟ್ಟಿಗೆಯಲ್ಲಿ ಮಾಡಿದ ಆರೈಕೆಯು ಕಾಡಿನ ಮಂದೆಯನ್ನೂ ಕಾಯಿತು.

ಹೊರಡುವ ದಿನ ಬೆಳಗ್ಗೆ ಕೆನ್ನಾಯಿಗಳ ಸಿಳ್ಳು ಕೇಳಿಸಿತು. ಕೆಂಪು ನಾಯಿಯೆಂಬುದೇ ಕೆನ್ನಾಯಿ. ಬ್ರಿಟಿಷರ ಕಾಲದಲ್ಲಿ ಇವನ್ನು ಕೊಂದವರಿಗೆ ಇನಾಮು ಕೊಡುತ್ತಿದ್ದರು. ಬೇಟೆಯನ್ನು ಜೀವಸಹಿತ ಸೀಳುವ ಕ್ರೂರಿಗಳೆಂಬುದೇ ಇವುಗಳ ಅಪಕೀರ್ತಿ. ಆದರೆ ಹತ್ತಿರದಿಂದ ನೋಡಿದವರು ಬೇರೆ ಕತೆಯನ್ನು ಹೇಳುವರು. ಕೃಪಾಕರ–ಸೇನಾನಿಯವರು ಇವುಗಳ ಜಾಡಿನಲ್ಲಿ ವರ್ಷಗಟ್ಟಲೆ ಅಲೆದು ಕನ್ನಡದಲ್ಲಿಯೇ ಗ್ರಂಥವೊಂದನ್ನು ಬರೆದಿದ್ದಾರೆ. ಬೇಟೆಯು ಬಿದ್ದಾಗ ಮರಿಗಳಿಗೆ ಮೊದಲ ಪಂಕ್ತಿ, ಹಿರಿಯವು ಅನಂತರ. ಗೂಡಿನಲ್ಲಿ ಉಳಿದ ಬಾಣಂತಿಗೂ ಮರಿಗಳಿಗೂ ತಿಂದುದನ್ನು ಕಕ್ಕಿ ಉಣಿಸುವುವು. ಮಕ್ಕಳಿಗೆ ಮೊದಲು ಬಡಿಸುವ ಯಾವ ಅವಿಭಕ್ತ ಕುಟುಂಬಕ್ಕೆ ಇದು ಕಡಮೆ?

ಸಂಚಾರವು ಮುಗಿದ ಮೇಲೆ ನಮಗೆ ದೃಢವಾದುದಿಷ್ಟು. ಈ ಮೃಗಗಳ ಭಾಗ್ಯವು ಅರಣ್ಯ ಇಲಾಖೆಯ ಕಚೇರಿಯಲ್ಲಿ ಮಾತ್ರ ನಿಶ್ಚಯವಾಗುವುದಲ್ಲ, ನಮ್ಮ ಮನೆಯ ಹಜಾರದಲ್ಲಿಯೂ ಆಗುವುದು. ಕಾಡುಪಾಪವು ಅಪಶಕುನವೆಂದು ಅಜ್ಜಿ ಹೇಳಿದರೆ ಮೊಮ್ಮಗನು ಕಲ್ಲೆತ್ತುವನು. ಪಾಪ, ಅದೊಂದು ಕೂಸೆಂದರೆ ಕೈ ಇಳಿಸುವನು. ಮುಳ್ಳುಗುಡ್ಡವನ್ನೂ ಹುಲ್ಲುಬಯಲನ್ನೂ ಪಾಳುಭೂಮಿಯೆಂದು ತಂದೆ ಕರೆದರೆ, ಅದು ಯಾರದೋ ಮನೆಯೆಂಬುದು ಮಗನಿಗೆ ತಿಳಿಯುವುದೆಂತು? ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವೊಂದೇ. ನಿಮ್ಮ ಮಗುವು ಮರಳಿನ ಮೇಲೆಯೋ ಹಲಗೆಯ ಮೇಲೆಯೋ ಕಕಾರವನ್ನು ತಿದ್ದುವಾಗ ಕರಡಿಯ ತಾಯ್ತನವನ್ನೂ, ಕೆನ್ನಾಯಿಯ ಪಂಕ್ತಿಯನ್ನೂ, ಕತ್ತೆಕಿರುಬನ ಊಳಿಗವನ್ನೂ ಒಂದೊಂದಾಗಿ ಹೇಳಿರಿ. ರಜೆಯಲ್ಲಿ ಒಂದು ಸಂಜೆಯಾದರೂ ಕರೆದೊಯ್ದು ತೋರಿಸಿರಿ. ಶಕಾರದಲ್ಲಿ ಶಿವಂಗಿಯನ್ನು ನಾವು ಕಳೆದುಕೊಂಡೆವು. ಕಕಾರದ ಬಳಗವು ಇನ್ನೂ ಜೀವಂತವಾಗಿದೆ.